ಹಳೆಯ ಮೋಟಾರು ಕಬ್ಬಿನ ನಾಡಿನಲ್ಲಿ

ಜಮಖಂಡಿಯಿಂದ ಬೆಳಗ್ಗೆ ಹೊರಟು, ರಬಕವಿ-ಬನಹಟ್ಟಿಗಳನ್ನು ಹಾಯ್ದು, ಮಹಾಲಿಂಗಪುರದ ಮೇಲಿಂದ ಮುಧೋಳಕ್ಕೆ ಬಂದು, ಅಲ್ಲಿಂದ ಬೀಳಗಿಯನ್ನು ಕಂಡು ಮತ್ತೆ ಜಮಖಂಡಿಗೆ ಮರಳಿದರೆ ನೂರು ಕಿಲೋಮೀಟರಿಗೂ ಮೀರಿದ ಒಂದು ಸುತ್ತು ಆಗುತ್ತದೆ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ಘಟಪ್ರಭೆ. ನಡುವೆ ಎರೆಯ ನೆಲ. ಇಂದಿನ ಕಾರಿಗೆ ಈ ಸುತ್ತು ಅರ್ಧ ದಿನದ ಕೆಲಸವೂ ಅಲ್ಲ. ಆದರೆ 1947ಕ್ಕೆ ಮೊದಲು ಇದೇ ದಾರಿಯಲ್ಲಿ ಹೋದವನು ಒಂದೇ ಹಗಲಿನಲ್ಲಿ ನಾಲ್ಕು ಆಡಳಿತಗಳ ಸೀಮೆಯನ್ನು ದಾಟುತ್ತಿದ್ದನು: ಪಟವರ್ಧನರ ಜಮಖಂಡಿ ಸಂಸ್ಥಾನ, ಸಾಂಗ್ಲಿ ಸಂಸ್ಥಾನಕ್ಕೆ ಸೇರಿದ ರಬಕವಿಯ ಭಾಗ, ಘೋರ್ಪಡೆಯವರ ಮುಧೋಳ ಸಂಸ್ಥಾನ, ಕಡೆಗೆ ಬೀಳಗಿಯನ್ನೊಳಗೊಂಡ ಬ್ರಿಟಿಷರ ವಿಜಾಪುರ ಜಿಲ್ಲೆ. ಜಮಖಂಡಿ ಮುಧೋಳಗಳು 1948ರ ಮಾರ್ಚಿನಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾದವು; 1956ರಲ್ಲಿ ಈ ಪ್ರದೇಶವೆಲ್ಲ ಕನ್ನಡ ನಾಡಿಗೆ ಕೂಡಿತು; 1997ರಿಂದ ಇದು ಬಾಗಲಕೋಟೆ ಜಿಲ್ಲೆ.

ಈ ದಾರಿಯಲ್ಲಿ ಹಳೆಯ ಕಾರುಗಳ ಸಂಘವೊಂದು, ಊರೂರಿನ ಚರಿತ್ರೆಯ ಕುರುಹುಗಳನ್ನು ನೋಡುತ್ತ ಒಂದು ದಿನದ ಪ್ರವಾಸ ಹೊರಟಿದೆಯೆಂದು ಭಾವಿಸೋಣ. ಈ ಪ್ರವಾಸ ನಮ್ಮ ಭಾವನೆಯೇ ಹೊರತು ನಡೆದ ಘಟನೆಯಲ್ಲ. ಆದರೆ ಇಂಥ ಸಂಘಗಳೂ ಇಂಥ ಪ್ರವಾಸಗಳೂ ಕಲ್ಪನೆಯಲ್ಲ. ಇಂಗ್ಲೆಂಡಿನಲ್ಲಿ ಮೋಟಾರು ಗಾಡಿಗಳ ವೇಗದ ಮಿತಿಯನ್ನು ಗಂಟೆಗೆ 4 ಮೈಲಿಯಿಂದ 14 ಮೈಲಿಗೆ ಏರಿಸಿದಾಗ, ಆ ಸಂತೋಷಕ್ಕಾಗಿ 1896ರ ನವೆಂಬರ್ 14ರಂದು ಕೆಲವರು ಲಂಡನ್ನಿನಿಂದ ಬ್ರೈಟನ್ನಿಗೆ ಗಾಡಿಗಳನ್ನು ಓಡಿಸಿದರು. ಅದರ ನೆನಪಿಗೆ ನಡೆಯುವ ವಾರ್ಷಿಕ ಓಟದಲ್ಲಿ 1905ಕ್ಕೆ ಮೊದಲು ತಯಾರಾದ ಕಾರುಗಳಿಗೆ ಮಾತ್ರ ಪ್ರವೇಶವುಂಟು. ದೆಹಲಿಯಲ್ಲಿ ‘ಸ್ಟೇಟ್ಸ್‌ಮನ್’ ಪತ್ರಿಕೆಯವರು ಹಳೆಯ ಕಾರುಗಳ ಮೆರವಣಿಗೆಯನ್ನು 1964ರಲ್ಲಿ ಆರಂಭಿಸಿದರು. ನಮ್ಮ ಬೆಂಗಳೂರಿನಲ್ಲಿಯೂ ಇಂಥ ಕಾರುಗಳ ಸಂಘವಿದೆ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿಯೂ, ಶ್ರೀರಂಗಪಟ್ಟಣದ ಸಮೀಪ ಬೆಂಗಳೂರು-ಮೈಸೂರು ಹೆದ್ದಾರಿಯ ಬದಿಯಲ್ಲಿ ಧರ್ಮಸ್ಥಳದವರೇ ಕಟ್ಟಿಸಿರುವ ‘ಪಯಣ’ ಎಂಬ ಸಂಗ್ರಹಾಲಯದಲ್ಲಿಯೂ ಹಳೆಯ ಕಾರುಗಳನ್ನು ಸಾಲಾಗಿ ನೋಡಬಹುದು.

ಎಷ್ಟು ಹಳೆಯದಾದರೆ ಹಳೆಯ ಕಾರು? ಬಲ್ಲವರಲ್ಲಿ ಈ ವಿಷಯಕ್ಕೆ ಜಗಳವೇ ಉಂಟು. ಇಂಗ್ಲೆಂಡಿನವರು ‘ವಿಂಟೇಜ್’ ಎಂಬ ಮಾತನ್ನು 1919ರಿಂದ 1930ರವರೆಗಿನ ಕಾರುಗಳಿಗೆ ಮೀಸಲಿಟ್ಟಿದ್ದಾರೆ. ನಮ್ಮ ಕೇಂದ್ರ ಸರ್ಕಾರವು 2021ರ ಜುಲೈಯಲ್ಲಿ ಮಾಡಿದ ನಿಯಮ ಹೆಚ್ಚು ಉದಾರವಾದುದು: ಮೊದಲ ನೋಂದಣಿಯಾಗಿ 50 ವರ್ಷ ಕಳೆದ, ಮೂಲರೂಪವನ್ನು ಉಳಿಸಿಕೊಂಡಿರುವ ದ್ವಿಚಕ್ರ ಹಾಗೂ ಚತುಶ್ಚಕ್ರ ವಾಹನಗಳೆಲ್ಲ ವಿಂಟೇಜ್ ವಾಹನಗಳೇ. ಹಾಗೆಂದರೆ ನಿಮ್ಮ ಅಜ್ಜನ ಮನೆಯ ಕೊಟ್ಟಿಗೆಯಲ್ಲಿ ಹುಲ್ಲಿನಡಿ ಮಲಗಿರುವ ಅಂಬಾಸಿಡರಿಗೂ ಆ ಪದವಿ ಸಿಕ್ಕೀತು. ಇಂಥ ವಾಹನವನ್ನು ದಿನಬಳಕೆಗಾಗಲಿ ಬಾಡಿಗೆಗಾಗಲಿ ಓಡಿಸುವಂತಿಲ್ಲ. ಪ್ರದರ್ಶನ, ತಾಂತ್ರಿಕ ಸಂಶೋಧನೆ, ಹಳೆಯ ಕಾರುಗಳ ಓಟ, ಇಂಧನ ತುಂಬಿಸುವುದು, ದುರಸ್ತಿ - ಇವುಗಳಿಗಾಗಿ ರಸ್ತೆಗಿಳಿಸಬಹುದು. ನಿಯಮ ಮಾಡಿದವರು ಒಂದು ಸಂಗತಿಯನ್ನು ಬಲ್ಲವರಾಗಿದ್ದರೆಂದು ತೋರುತ್ತದೆ. ಈ ವಸ್ತುವನ್ನು ಓಡಿಸದೆ ಉಳಿಸಲಾಗುವುದಿಲ್ಲ.

ವಿಜಯಪುರದ ಗೋಳಗುಮ್ಮಟದ ಮುಂದಿನ ನಗಾರಖಾನೆಯಲ್ಲಿರುವ ವಸ್ತುಸಂಗ್ರಹಾಲಯಕ್ಕೋ ಬಾದಾಮಿಯ ಸಂಗ್ರಹಾಲಯಕ್ಕೋ ಹೋಗಿಬಂದ ವಿದ್ಯಾರ್ಥಿಗಳು ಅಲ್ಲಿಯ ಶಾಸನಗಳನ್ನೂ ಶಿಲ್ಪಗಳನ್ನೂ ನೆನಪಿಗೆ ತಂದುಕೊಳ್ಳಲಿ. ಕಲ್ಲಿಗೆ ಮಳೆಗಾಳಿಗಳಿಂದ ಮರೆ ಕೊಟ್ಟು, ಮುಟ್ಟುವ ಕೈಗಳಿಂದ ದೂರವಿಟ್ಟರೆ ಅದು ಇನ್ನು ಸಾವಿರ ವರ್ಷ ಇದ್ದಂತೆಯೇ ಇದ್ದೀತು. ಎಂಜಿನಿನ ಗುಣ ಬೇರೆ. ಅದನ್ನು ತಿಂಗಳುಗಟ್ಟಲೆ ನಿಲ್ಲಿಸಿದರೆ ಸಿಲಿಂಡರಿನ ಗೋಡೆಗೆ ಅಂಟಿದ ಎಣ್ಣೆಯ ಪೊರೆ ಮೆಲ್ಲಮೆಲ್ಲನೆ ಕೆಳಗೆ ಇಳಿದುಹೋಗುತ್ತದೆ. ಬೋಳಾದ ಉಕ್ಕಿನ ಮೇಲೆ ತೇವ ಕುಳಿತು ತುಕ್ಕು ಹಿಡಿದು ಪಿಸ್ಟನ್ನು ಅಲ್ಲಿಯೇ ಕಚ್ಚಿಕೊಳ್ಳುತ್ತದೆ. ಬೇರಿಂಗಿನ ಗ್ರೀಸು ಗಟ್ಟಿಯಾಗುತ್ತದೆ. ಬ್ಯಾಟರಿಯ ಫಲಕಗಳ ಮೇಲೆ ಸೀಸದ ಸಲ್ಫೇಟು ಬಿರುಸಾಗಿ ಕಟ್ಟುತ್ತದೆ. ಟ್ಯಾಂಕಿನಲ್ಲುಳಿದ ಪೆಟ್ರೋಲಿನ ಹಗುರಾದ ಅಂಶ ಹಾರಿಹೋಗಿ ಉಳಿದದ್ದು ಅಂಟಿನಂತಾಗುತ್ತದೆ. ಟೈರು ಕೂಡ ನೆಲಕ್ಕೆ ತಾಗಿದ ಕಡೆಯಲ್ಲಿ ಚಪ್ಪಟೆಯಾಗುತ್ತದೆ. ಓಡಿಸಿದರೋ, ಪ್ರತಿ ಓಟದಲ್ಲಿಯೂ ಮೂಲಭಾಗಗಳು ಇಷ್ಟಿಷ್ಟೇ ಸವೆಯುತ್ತವೆ. ಸವೆಯುವುದೋ ಕಚ್ಚಿಕೊಳ್ಳುವುದೋ ಎಂಬ ಈ ಇಕ್ಕಟ್ಟಿನಲ್ಲಿ, ಮಿತವಾಗಿ ಓಡಿಸಿ ಸವೆಸುವುದೇ ಮೇಲೆಂದು ಹಳೆಯ ಕಾರುಗಳನ್ನು ಪ್ರೀತಿಸುವವರ ಮತ. ನನ್ನ ಮತವೂ ಅದೇ. ಜೊತೆಗೆ, ಯಂತ್ರ ನಿಂತರೆ ಅದನ್ನು ನಡೆಸುವ ಕೈಚಳಕವೂ ನಿಂತುಹೋಗುತ್ತದೆ.

ಆ ಕೈಚಳಕ ಎಂಥದೆಂಬುದನ್ನು ಜಮಖಂಡಿಯ ಬೆಳಗಿನಲ್ಲಿಯೇ ನೋಡಬಹುದು. ನಮ್ಮ ಗುಂಪಿನಲ್ಲಿ ಫೋರ್ಡ್ ಕಂಪನಿಯ ‘ಟಿ’ ಮಾದರಿಯ ಕಾರೊಂದು ಇದೆಯೆನ್ನೋಣ. 1908ರಿಂದ 1927ರವರೆಗೆ ಈ ಮಾದರಿಯ ಒಂದೂವರೆ ಕೋಟಿ ಕಾರುಗಳು ತಯಾರಾದವು. ನಾಲ್ಕು ಸಿಲಿಂಡರು, 2.9 ಲೀಟರು ಗಾತ್ರದ ಎಂಜಿನು. ಶಕ್ತಿ ಮಾತ್ರ 20 ಅಶ್ವಶಕ್ತಿ. ಇದರ ಮೊದಲ ಕಾರುಗಳಿಗೆ ಗುಂಡಿಯೊತ್ತಿ ಚಾಲೂ ಮಾಡುವ ಅನುಕೂಲವಿರಲಿಲ್ಲ. ವಿದ್ಯುತ್ತಿನ ಸ್ಟಾರ್ಟರು ಮೊದಲು ಬಂದುದು 1912ರ ಕ್ಯಾಡಿಲಾಕ್ ಕಾರಿನಲ್ಲಿ. ಮುಂಭಾಗದಲ್ಲಿ ನಿಂತು ಹ್ಯಾಂಡಲ್ ಹೊಡೆಯಬೇಕು. ಹೊಡೆಯುವ ಮೊದಲು ಸ್ಟಿಯರಿಂಗಿನ ಎಡಗಡೆಯ ಸಣ್ಣ ಸನ್ನೆಯನ್ನು ಮೇಲಕ್ಕೆ ಸರಿಸಿ ಕಿಡಿಯನ್ನು ತಡಮಾಡಬೇಕು. ಇದನ್ನು ಮರೆತವರ ಮುಂಗೈ ಮುರಿದ ಪ್ರಸಂಗಗಳು ಆ ಕಾಲದಲ್ಲಿ ಸಾಮಾನ್ಯವಾಗಿದ್ದವು.

ಕಾರಣ ಸರಳವಾದ ಲೆಕ್ಕದಲ್ಲಿದೆ. ಸಿಲಿಂಡರಿನಲ್ಲಿ ಕಿಡಿ ಹಾರಿದೊಡನೆ ಇಂಧನವೆಲ್ಲ ಒಮ್ಮೆಗೇ ಉರಿಯುವುದಿಲ್ಲ. ಉರಿ ಹರಡಲು ಸೆಕೆಂಡಿನ ಸಾವಿರದಲ್ಲಿ ಎರಡು ಮೂರು ಭಾಗದಷ್ಟು ಕಾಲ ಬೇಕು. ಎಂಜಿನು ನಿಮಿಷಕ್ಕೆ 1,500 ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ 9,000 ಡಿಗ್ರಿ ತಿರುಗಿದಂತಾಯಿತು. ಉರಿ ಹರಡುವಷ್ಟರಲ್ಲಿ ಅಚ್ಚು 20 ಡಿಗ್ರಿಗೂ ಹೆಚ್ಚು ಸರಿದಿರುತ್ತದೆ. ಆದುದರಿಂದ ಪಿಸ್ಟನ್ನು ತುದಿ ಮುಟ್ಟುವುದಕ್ಕೆ 20 ಡಿಗ್ರಿ ಮೊದಲೇ ಕಿಡಿ ಹಾರಬೇಕು. ಕೈಯಿಂದ ತಿರುಗಿಸುವಾಗಲಾದರೋ ವೇಗ ಸೆಕೆಂಡಿಗೆ ಒಂದು ಸುತ್ತಿಗಿಂತ ಹೆಚ್ಚಿರದು. ಅಷ್ಟೇ ಕಾಲದಲ್ಲಿ ಅಚ್ಚು ಸರಿಯುವುದು ಒಂದೇ ಒಂದು ಡಿಗ್ರಿ. ಕಿಡಿಯನ್ನು 20 ಡಿಗ್ರಿ ಮೊದಲೇ ಹಾರಿಸಿದರೆ ಪಿಸ್ಟನ್ನು ಇನ್ನೂ ಏರುತ್ತಿರುವಾಗಲೇ ಒತ್ತಡ ಹುಟ್ಟಿ ಅದನ್ನು ಹಿಂದಕ್ಕೆ ನೂಕುತ್ತದೆ, ಹ್ಯಾಂಡಲು ಹಿಮ್ಮುಖವಾಗಿ ಬೀಸುತ್ತದೆ. ಬಲ್ಲವರು ಹೆಬ್ಬೆರಳನ್ನು ಉಳಿದ ಬೆರಳುಗಳ ಬದಿಗೇ ಇಟ್ಟುಕೊಂಡು, ಹಿಡಿಯನ್ನು ಕೆಳಗಿನಿಂದ ಮೇಲಕ್ಕೆ ಎಳೆಯುತ್ತಾರೆ. ಮೇಲಿನಿಂದ ಕೆಳಕ್ಕೆ ಎಂದೂ ಒತ್ತುವುದಿಲ್ಲ. ಇಂದಿನ ಕಾರುಗಳಲ್ಲಿ ಈ ಲೆಕ್ಕವನ್ನು ಬೆರಳಿನ ಉಗುರಿನಷ್ಟಗಲದ ಒಂದು ವಿದ್ಯುನ್ಮಾನ ಚಿಪ್ಪು ಮಾಡುತ್ತದೆ. ಅಂದು ಅದನ್ನು ಡ್ರೈವರನ ಕಿವಿಯೂ ಎಡಗೈಯೂ ಕೂಡಿ ಮಾಡುತ್ತಿದ್ದವು.

ಜಮಖಂಡಿಯಲ್ಲಿ ನೋಡತಕ್ಕದ್ದು ಬಹಳ. ಪಟವರ್ಧನರ ರಾಮತೀರ್ಥದ ಅರಮನೆ, ತತ್ತ್ವಜ್ಞಾನಿ ರಾ. ದ. ರಾನಡೆಯವರು 1886ರಲ್ಲಿ ಹುಟ್ಟಿದ ಊರೆಂಬ ಹೆಮ್ಮೆ. ಸಮೀಪದ ಸಾವಳಗಿಯಲ್ಲಿ ಹುಟ್ಟಿ, ಸಂಸ್ಥಾನದ ಮುಖ್ಯಮಂತ್ರಿಯಾಗಿದ್ದು ಮುಂದೆ ಮೈಸೂರು ರಾಜ್ಯದ ಮುಖ್ಯಮಂತ್ರಿಯೂ ಭಾರತದ ಉಪರಾಷ್ಟ್ರಪತಿಯೂ ಆದ ಬಿ. ಡಿ. ಜತ್ತಿಯವರ ನೆನಪು. ಅರಮನೆಯ ಕಡೆಗೆ ಏರುವಾಗ ಫೋರ್ಡಿನ ಟ್ಯಾಂಕಿನಲ್ಲಿ ಪೆಟ್ರೋಲು ಕಡಮೆಯಿದ್ದರೆ ಒಂದು ತಮಾಷೆ ನಡೆಯಬಹುದು. ಈ ಕಾರಿನಲ್ಲಿ ಟ್ಯಾಂಕು ಸೀಟಿನ ಕೆಳಗೆ; ಅಲ್ಲಿಂದ ಎಂಜಿನಿಗೆ ಪೆಟ್ರೋಲನ್ನು ಮುಟ್ಟಿಸುವ ಪಂಪು ಇಲ್ಲ, ನೀರು ಇಳಿಜಾರಿಗೆ ಹರಿಯುವಂತೆ ತಾನೇ ಹರಿಯಬೇಕು. ಕಡಿದಾದ ಏರಿನಲ್ಲಿ ಎಂಜಿನು ಟ್ಯಾಂಕಿಗಿಂತ ಮೇಲಾಗಿ ಹರಿವು ನಿಂತುಹೋಗುತ್ತದೆ. ಆಗ ಮಾಡುವುದೇನು? ಕಾರನ್ನು ತಿರುಗಿಸಿ ಹಿಮ್ಮುಖವಾಗಿ ಗುಡ್ಡವನ್ನು ಹತ್ತಿಸುವುದು! ನೋಡುವವರಿಗೆ ನಗೆ ಬಂದರೂ ಗುರುತ್ವಾಕರ್ಷಣದ ಪಾಠ ಇದಕ್ಕಿಂತ ಚೆನ್ನಾಗಿ ಮನಸ್ಸಿಗೆ ನಾಟದು.

ರಬಕವಿ-ಬನಹಟ್ಟಿ ನೇಕಾರರ ಅವಳಿ ಊರು. ಮಗ್ಗದ ಸದ್ದು ಇಲ್ಲಿ ಬೀದಿಯ ಸದ್ದೇ ಆಗಿದೆ. ಇಂದು ವಿದ್ಯುತ್ ಮಗ್ಗಗಳ ಸಂಖ್ಯೆ ದೊಡ್ಡದಾದರೂ ಕೈಮಗ್ಗವನ್ನು ಬಲ್ಲ ಮನೆಗಳು ಉಂಟು. ಕುಣಿಮಗ್ಗದಲ್ಲಿ ಕುಳಿತ ನೇಕಾರನನ್ನು ನೋಡಿದವರಿಗೆ ಫೋರ್ಡಿನ ಡ್ರೈವರನು ಅಪರಿಚಿತನೆನಿಸುವುದಿಲ್ಲ. ನೇಕಾರನು ಕಾಲಿನಿಂದ ಮೆಟ್ಟುಹಲಗೆಗಳನ್ನು ಸರದಿಯಂತೆ ತುಳಿದು ಹಾಸಿನ ಎಳೆಗಳನ್ನು ಅಗಲಿಸುತ್ತಾನೆ, ಕೈಯಿಂದ ಲಾಳಿಯನ್ನು ಹಾರಿಸುತ್ತಾನೆ. ಫೋರ್ಡಿನಲ್ಲಿಯೂ ಮೂರು ಮೆಟ್ಟುಗಳು. ಆದರೆ ಅವು ಇಂದಿನ ಕಾರಿನವಲ್ಲ: ಎಡಗಡೆಯದನ್ನು ಪೂರ್ತಿ ಒತ್ತಿದರೆ ನಿಧಾನದ ಗೇರು, ಪೂರ್ತಿ ಬಿಟ್ಟರೆ ವೇಗದ ಗೇರು, ನಡುವಿನದು ಹಿಮ್ಮುಖಕ್ಕೆ, ಬಲಗಡೆಯದು ಬ್ರೇಕಿಗೆ. ವೇಗವನ್ನು ಹೆಚ್ಚಿಸುವ ಸನ್ನೆಯಂತೂ ಕೈಯಲ್ಲಿಯೇ ಇದೆ. ಇಂದಿನ ಕಾರನ್ನು ಓಡಿಸಿ ಪಳಗಿದವನು ಇದರಲ್ಲಿ ಕುಳಿತು ಗಾಬರಿಯಿಂದ ಕಾಲನ್ನು ಒತ್ತಿದರೆ ಏನಾದೀತೆಂಬುದನ್ನು ಹೇಳಬೇಕಾಗಿಲ್ಲ.

ಇಲ್ಲಿಂದ ಮುಂದೆ ದಾರಿಯ ಇಕ್ಕೆಲದಲ್ಲಿ ಹೊಲಗಳು. ಒಂದು ತೋಟದ ಅಂಚಿನಲ್ಲಿ ನಿಲ್ಲಿಸಿದ ಹಳೆಯ ಚಕ್ಕಡಿಯ ಮುಂದೆ ನಮ್ಮ ಕಾರನ್ನೂ ನಿಲ್ಲಿಸಿ ಎರಡರ ಗಾಲಿಗಳನ್ನು ಹೋಲಿಸಿ ನೋಡಬೇಕು. ಫೋರ್ಡಿನ ಗಾಲಿಯೂ ಕಟ್ಟಿಗೆಯದೇ: ನಡುವಿನ ಗುಂಬದಿಂದ ಅಂಚಿಗೆ ಹೋಗುವ ಹನ್ನೆರಡು ಅರೆಕಾಲುಗಳು, ಅವುಗಳ ಸುತ್ತ ಲೋಹದ ಬಳೆ, ಅದರ ಮೇಲೆ ರಬ್ಬರಿನ ಟೈರು. ಚಕ್ಕಡಿಯ ಗಾಲಿಗೆ ಕಬ್ಬಿಣದ ಪಟ್ಟಿಯನ್ನು ಹಾಕುವಾಗ ಕಮ್ಮಾರನು ಅದನ್ನು ಕೆಂಪಗೆ ಕಾಯಿಸುತ್ತಾನೆ. ಸುತ್ತಳತೆ 4 ಮೀಟರು ಇರುವ ಪಟ್ಟಿಯನ್ನು 500 ಡಿಗ್ರಿಯಷ್ಟು ಬಿಸಿಮಾಡಿದರೆ ಅದು ಸುಮಾರು 24 ಮಿಲಿಮೀಟರು ಉದ್ದವಾಗುತ್ತದೆ. ಆ ಸಡಿಲದಲ್ಲಿ ಅದನ್ನು ಗಾಲಿಗೆ ತೊಡಿಸಿ ನೀರು ಸುರಿದರೆ, ಕುಗ್ಗುವ ಕಬ್ಬಿಣ ಎಲ್ಲ ಕೀಲುಗಳನ್ನೂ ಬಿಗಿದು ಹಿಡಿಯುತ್ತದೆ. ಆದರೂ ಬೇಸಗೆಯಲ್ಲಿ ಕಟ್ಟಿಗೆ ಒಣಗಿ ಗಾಲಿ ಸಡಿಲವಾಗುವುದು ತಪ್ಪದು. ಮರವು ಎಳೆಯ ಉದ್ದಕ್ಕೆ ಅಷ್ಟಾಗಿ ಕುಗ್ಗುವುದಿಲ್ಲ, ಎಳೆಗೆ ಅಡ್ಡಲಾಗಿ ಕುಗ್ಗುತ್ತದೆ. ಗುಂಬದ ಬಳಿ ಒಂದಕ್ಕೊಂದು ಒತ್ತಿ ಕುಳಿತ ಅರೆಕಾಲುಗಳು ತೆಳ್ಳಗಾಗಿ ಅಲುಗಾಡತೊಡಗುತ್ತವೆ. ರೈತರು ಗಾಲಿಗಳನ್ನು ಬಿಚ್ಚಿ ಹಳ್ಳದ ನೀರಿನಲ್ಲಿ ನೆನೆಹಾಕುತ್ತಿದ್ದುದು ಇದಕ್ಕಾಗಿಯೇ. ಬಿಸಿಲು 40 ಡಿಗ್ರಿಯನ್ನು ದಾಟುವ ಈ ಸೀಮೆಯಲ್ಲಿ ಮರದ ಗಾಲಿಯ ಕಾರನ್ನಿಟ್ಟುಕೊಂಡವರಿಗೂ ಅದೇ ಚಿಂತೆ. ಗಾಲಿ ಕಿರುಗುಟ್ಟಿದರೆ ಪ್ರವಾಸವನ್ನು ಅಲ್ಲಿಗೇ ನಿಲ್ಲಿಸುವುದು ವಿವೇಕ.

ಮುಧೋಳವು ಕವಿಚಕ್ರವರ್ತಿ ರನ್ನನು ಹತ್ತನೆಯ ಶತಮಾನದಲ್ಲಿ ಹುಟ್ಟಿದ ಊರು. ಬಳೆಗಾರರ ಮನೆಯ ಹುಡುಗನು ‘ಗದಾಯುದ್ಧ’ವನ್ನು ಬರೆಯುವವರೆಗೆ ನಡೆದ ದಾರಿ ಈ ಲೇಖನಕ್ಕೆ ಹೊರಗಿನದು. ನಮ್ಮ ವಿಷಯಕ್ಕೆ ಹತ್ತಿರವಾದುದು ಈ ಊರಿನ ಇನ್ನೊಂದು ಹೆಸರುವಾಸಿ, ಮುಧೋಳ ನಾಯಿ. ಉದ್ದ ಕಾಲು, ಆಳವಾದ ಎದೆ, ಸಣ್ಣ ನಡು. ಓಟಕ್ಕೆಂದೇ ಎರಕ ಹೊಯ್ದಂಥ ಮೈಕಟ್ಟು. ಇಲ್ಲಿಯ ಅರಸರಾದ ಘೋರ್ಪಡೆಯವರು ಈ ತಳಿಯನ್ನು ಬೆಳೆಸಿ, ಐದನೆಯ ಜಾರ್ಜ್ ದೊರೆಗೆ ಕಾಣಿಕೆಯಾಗಿಯೂ ಕೊಟ್ಟರೆಂದು ಹೇಳುತ್ತಾರೆ. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರತಂದಿತು; ಮುಧೋಳದ ಸಮೀಪದ ತಿಮ್ಮಾಪುರದಲ್ಲಿ ಇದರ ಸಂಶೋಧನೆಗೆ ಒಂದು ಕೇಂದ್ರವೇ ಇದೆ. ತೊಗಲಿಗೆ ಹುಲ್ಲು ತುಂಬಿ ಗಾಜಿನ ಪೆಟ್ಟಿಗೆಯಲ್ಲಿಟ್ಟ ಮುಧೋಳ ನಾಯಿ ಅದರ ಬಣ್ಣವನ್ನು ತಿಳಿಸೀತು, ಅದರ ಓಟವನ್ನು ತಿಳಿಸಲಾರದು.

ಮುಧೋಳದಿಂದ ಬೀಳಗಿಯ ಕಡೆಗೆ ತಿರುಗಿದೊಡನೆ ನಮ್ಮ ಹಳೆಯ ಕಾರಿಗೆ ನಿಜವಾದ ಪರೀಕ್ಷೆ ಮೊದಲಾಗುತ್ತದೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಇಲ್ಲಿಯ ರಸ್ತೆಗಳು ಟ್ರಾಕ್ಟರುಗಳ ಸ್ವತ್ತು. ಎರಡೆರಡು ಟ್ರೇಲರಿನ ತುಂಬ ಕಬ್ಬನ್ನು ಹೇರಿಕೊಂಡು ಅವು ಆಮೆಯ ನಡೆಯಲ್ಲಿ ಕಾರ್ಖಾನೆಯ ಕಡೆಗೆ ಸಾಗುತ್ತವೆ. ಅವುಗಳ ಹಿಂದೆ ಸಿಕ್ಕಿಕೊಂಡ ಫೋರ್ಡಿನ ರೇಡಿಯೇಟರಿನಲ್ಲಿ ನೀರು ಕುದಿಯತೊಡಗುತ್ತದೆ. ಈ ಎಂಜಿನಿನಲ್ಲಿ ನೀರನ್ನು ಸುತ್ತಿಸುವ ಪಂಪೂ ಇಲ್ಲ. ಬಿಸಿಯಾದ ನೀರು ಹಗುರಾಗಿ ಮೇಲೇರುತ್ತದೆ, ರೇಡಿಯೇಟರಿನಲ್ಲಿ ತಣಿದ ನೀರು ಭಾರವಾಗಿ ಕೆಳಗಿಳಿಯುತ್ತದೆ, ಅಷ್ಟೇ. ಎದುರುಗಾಳಿ ಕಡಮೆಯಾದರೆ ಈ ಚಲನೆ ಸಾಲದು. ರಸ್ತೆಯ ಬದಿಗೆ ನಿಂತು ಆರಿಸಿಕೊಳ್ಳುವುದೊಂದೇ ಉಪಾಯ. ಆದರೆ ಕಬ್ಬಿನಿಂದ ಈ ಕಾರಿಗೆ ಬರುವ ದೊಡ್ಡ ತೊಂದರೆ ಅದು ರಸ್ತೆಯ ಮೇಲಿದ್ದಾಗ ಬರುವುದಲ್ಲ, ಟ್ಯಾಂಕಿನೊಳಗೆ ಬಂದಾಗ ಬರುವುದು.

ಕಬ್ಬು ಟ್ಯಾಂಕಿನೊಳಗೆ ಬರುವ ಬಗೆ ಹೀಗೆ. ಸಕ್ಕರೆ ಹರಳುಗಟ್ಟಿದ ಮೇಲೆ ಉಳಿಯುವ ಕಪ್ಪಾದ ಕಾಕಂಬಿಯನ್ನು, ಕೆಲವೆಡೆ ಕಬ್ಬಿನ ಹಾಲನ್ನೇ, ಹುದುಗು ಬರಿಸುತ್ತಾರೆ. ಯೀಸ್ಟೆಂಬ ಸೂಕ್ಷ್ಮಜೀವಿ ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತದೆ. ಈ ಕಲಸನ್ನು ಬಟ್ಟಿಯಿಳಿಸಿದರೆ ಮದ್ಯಸಾರದ ಪ್ರಮಾಣ ಏರುತ್ತ ಹೋಗಿ ಶೇಕಡಾ 95.6ಕ್ಕೆ ಬಂದು ನಿಂತುಬಿಡುತ್ತದೆ. ಆ ಹದದಲ್ಲಿ ನೀರೂ ಮದ್ಯಸಾರವೂ ಒಂದೇ ದ್ರವದಂತೆ ಜೊತೆಯಾಗಿ ಕುದಿಯುವುದರಿಂದ ಎಷ್ಟು ಸಲ ಬಟ್ಟಿಯಿಳಿಸಿದರೂ ಬೇರೆಯಾಗವು. ಉಳಿದ ನೀರನ್ನು ತೆಗೆಯಲು ಒಂದು ಸೊಗಸಾದ ಜರಡಿಯುಂಟು. ಜಿಯೋಲೈಟೆಂಬ ಖನಿಜದ ಹರಳುಗಳಲ್ಲಿ ಮಿಲಿಮೀಟರಿನ ಕೋಟಿಯಲ್ಲಿ ಮೂರು ಭಾಗದಷ್ಟು ಅಗಲದ ರಂಧ್ರಗಳಿರುತ್ತವೆ. ನೀರಿನ ಅಣು ಅದರೊಳಗೆ ನುಸುಳಿ ಸಿಕ್ಕಿಬೀಳುತ್ತದೆ. ಅದಕ್ಕಿಂತ ದಪ್ಪನಾದ ಮದ್ಯಸಾರದ ಅಣು ಹೊರಗುಳಿಯುತ್ತದೆ. ಹೀಗೆ ದೊರೆತ ಒಣ ಮದ್ಯಸಾರವೇ ಎಥನಾಲ್. ಮುಧೋಳ, ಜಮಖಂಡಿ, ಬೀಳಗಿ ಸೀಮೆಯಲ್ಲಿ ಸಕ್ಕರೆ ಕಾರ್ಖಾನೆಗಳು ಹಲವು. ಸಮೀರವಾಡಿಯಂಥ ಕಡೆಗಳಲ್ಲಿ ಬಟ್ಟಿಮನೆಯೂ ಜೊತೆಗಿದೆ.

ಎಥನಾಲನ್ನು ಮೋಟಾರಿಗೆ ಹಾಕುವ ಯೋಚನೆ ಹೊಸದಲ್ಲ. ನಮ್ಮ ‘ಟಿ’ ಕಾರನ್ನು ಮಾಡಿದ ಹೆನ್ರಿ ಫೋರ್ಡನೇ 1925ರಲ್ಲಿ ಮದ್ಯಸಾರವನ್ನು ಮುಂದಿನ ಕಾಲದ ಇಂಧನವೆಂದು ಹೊಗಳಿದ್ದನು. ಭಾರತದಲ್ಲಿ ಪೆಟ್ರೋಲಿಗೆ ಮದ್ಯಸಾರವನ್ನು ಬೆರೆಸುವ ಬಗ್ಗೆ 1948ರಲ್ಲಿಯೇ ಒಂದು ಕಾಯಿದೆಯಾಯಿತು. ಆದರೆ 2014ರಲ್ಲಿ ಬೆರೆಕೆ ಶೇಕಡಾ ಒಂದೂವರೆಯಷ್ಟೇ ಇತ್ತು. 2022ರ ಜೂನಿನಲ್ಲಿ ಅದು ಶೇಕಡಾ 10ನ್ನು ಮುಟ್ಟಿತು. ಶೇಕಡಾ 20ರ ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಿದರು; 2025ರಲ್ಲಿ ದೇಶದ ಸರಾಸರಿಯೇ ಆ ಗುರಿಯನ್ನು ತಲುಪಿತು. ಪರದೇಶದ ಎಣ್ಣೆಗೆ ತೆರುವ ಹಣ ಉಳಿಯುತ್ತದೆ, ಕಬ್ಬು ಬೆಳೆದವನಿಗೆ ಇನ್ನೊಂದು ಗಿರಾಕಿ ಸಿಕ್ಕಂತಾಗುತ್ತದೆ. ಇದನ್ನು ಅಲ್ಲಗಳೆಯುವುದು ಸರಿಯಲ್ಲ. ಅದಕ್ಕೆಂದೇ ತಯಾರಾದ ಹೊಸ ಕಾರಿಗೆ ಈ ಪೆಟ್ರೋಲಿನಿಂದ ದೊಡ್ಡ ತೊಡಕಿಲ್ಲ. ನೂರು ವರ್ಷದ ಕಾರಿನ ಪಾಡು ಬೇರೆ.

ಅದನ್ನು ಅರಿಯಲು ಕಾರ್ಬುರೇಟರಿನ ಪಾತ್ರೆಯನ್ನು ಬಿಚ್ಚಿ ನೋಡಬೇಕು. ಮನೆಯ ಮೇಲಿನ ನೀರಿನ ತೊಟ್ಟಿಯಲ್ಲಿ ತೇಲುವ ಚೆಂಡು ನೀರು ತುಂಬಿದೊಡನೆ ನಲ್ಲಿಯನ್ನು ಮುಚ್ಚುವಂತೆ, ಇಲ್ಲಿಯೂ ಒಂದು ತೇಲು ಪೆಟ್ರೋಲಿನ ಮಟ್ಟವನ್ನು ಕಾಯುತ್ತದೆ. ಆ ಕಾಲದಲ್ಲಿ ಇದನ್ನು ಹೆಚ್ಚಾಗಿ ಬೆಂಡಿನಿಂದ, ಎಂದರೆ ಸೀಸೆಯ ಬೂಚಿಗೆ ಬಳಸುವ ಕಾರ್ಕಿನಿಂದ, ಮಾಡುತ್ತಿದ್ದರು. ಬೆಂಡು ಪೆಟ್ರೋಲನ್ನು ಹೀರದಿರಲೆಂದು ಅದಕ್ಕೆ ಅರಗನ್ನು ಬಳಿಯುತ್ತಿದ್ದರು. ಅರಗು ಪೆಟ್ರೋಲಿನಲ್ಲಿ ಕರಗದು. ಆದರೆ ಅದು ಯಾವುದರಲ್ಲಿ ಕರಗುತ್ತದೆಂಬುದು ಊರಿನ ಯಾವ ಬಡಿಗನನ್ನು ಕೇಳಿದರೂ ಗೊತ್ತು: ಅವನು ಮೇಜು ಕುರ್ಚಿಗಳಿಗೆ ಬಳಿಯುವ ಪಾಲಿಶ್, ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗೇ. ಸ್ಪಿರಿಟ್ಟೆಂದರೆ ಮದ್ಯಸಾರವೇ ತಾನೆ! ಎಥನಾಲು ಬೆರೆತ ಪೆಟ್ರೋಲಿನಲ್ಲಿ ಕುಳಿತ ಅರಗು ದಿನಗಳೆದಂತೆ ಮೆತ್ತಗಾಗಿ ಕಳಚುತ್ತದೆ; ಬೆಂಡು ಇಂಧನವನ್ನು ಹೀರಿ ಭಾರವಾಗಿ ಮುಳುಗುತ್ತದೆ; ತೂಬು ಮುಚ್ಚದೆ ಪೆಟ್ರೋಲು ಪಾತ್ರೆ ತುಂಬಿ ಹೊರಗೆ ಸುರಿಯುತ್ತದೆ. ಪಕ್ಕದಲ್ಲಿಯೇ ಕಾದ ಹೊಗೆಕೊಳವೆ. ನೂರು ವರ್ಷ ಉಳಿದುಬಂದ ಕಾರು ಅರ್ಧ ಗಂಟೆಯಲ್ಲಿ ಉರಿದುಹೋಗಲು ಇಷ್ಟು ಸಾಕು.

ಇದು ಒಂದು ಬಗೆ. ಎರಡನೆಯದು ಗಾಳಿಯ ಲೆಕ್ಕ. ಒಂದು ಕಿಲೋಗ್ರಾಂ ಪೆಟ್ರೋಲು ಪೂರ್ತಿಯಾಗಿ ಉರಿಯಲು 14.7 ಕಿಲೋಗ್ರಾಂ ಗಾಳಿ ಬೇಕು. ಎಥನಾಲಿನ ತೂಕದಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಆಮ್ಲಜನಕವೇ ಇರುವುದರಿಂದ ಅದಕ್ಕೆ ಸುಮಾರು 9 ಕಿಲೋಗ್ರಾಂ ಸಾಕು. ಐದರಲ್ಲೊಂದು ಪಾಲು ಎಥನಾಲಿರುವ ಬೆರೆಕೆಗೆ ಸುಮಾರು 13.5. ಹೊಸ ಕಾರು ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆದು ಇಂಧನವನ್ನು ತಾನೇ ಹೆಚ್ಚಿಸಿಕೊಳ್ಳುತ್ತದೆ. ಹಳೆಯ ಕಾರ್ಬುರೇಟರು ತನ್ನ ಸಣ್ಣ ರಂಧ್ರದಿಂದ ಮೊದಲಿನಷ್ಟೇ ಇಂಧನವನ್ನು ಬಿಡುತ್ತದೆ. ಗಾಳಿ ಹೆಚ್ಚಾಗಿ ಮಿಶ್ರಣ ತೆಳುವಾಗುತ್ತದೆ, ಎಂಜಿನು ಕೆಮ್ಮುತ್ತದೆ, ಹೆಚ್ಚು ಕಾಯುತ್ತದೆ. ಒಂದು ಲೀಟರು ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲು ಶಕ್ತಿಯಿದ್ದರೆ ಎಥನಾಲಿನಲ್ಲಿ 21. ಆದುದರಿಂದ ಬೆರೆಕೆಯ ಶಕ್ತಿ ಲೀಟರಿಗೆ ಶೇಕಡಾ 7ರಷ್ಟು ಕಡಮೆ. ಎಥನಾಲಿನ ದೊಡ್ಡ ಗುಣವೆಂದರೆ ಹೆಚ್ಚು ಒತ್ತಡದಲ್ಲಿಯೂ ಅದು ಬಡಿತಕ್ಕೆ ಎಡೆಗೊಡದೆ ಉರಿಯುವುದು. ಆದರೆ ಇಂದಿನ ಎಂಜಿನುಗಳು ಮಿಶ್ರಣವನ್ನು ಹತ್ತನೆಯ ಒಂದು ಪಾಲಿಗೆ ಒತ್ತಿದರೆ ಹಳೆಯವು ನಾಲ್ಕನೆಯ ಒಂದು ಪಾಲಿಗೆ ಮಾತ್ರ ಒತ್ತುತ್ತವೆ. ಆ ಗುಣದಿಂದ ಅವಕ್ಕೆ ಪ್ರಯೋಜನವಿಲ್ಲ.

ಮೂರನೆಯದು ನೀರು. ಎಥನಾಲು ನೀರನ್ನು ಪ್ರೀತಿಸುತ್ತದೆ. ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ನೀರು ಒಂದು ಮಿತಿಯನ್ನು ದಾಟಿದೊಡನೆ, ಅದೂ ತಂಪಾದ ರಾತ್ರಿಯಲ್ಲಿ ಬೇಗನೆ, ನೀರೂ ಎಥನಾಲೂ ಕೂಡಿಕೊಂಡು ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಎಂಜಿನಿಗೆ ಹೋಗುವ ಕೊಳವೆ ಇರುವುದೂ ತಳದಲ್ಲಿಯೇ. ತಗಡಿನ ಟ್ಯಾಂಕು ತುಕ್ಕು ಹಿಡಿಯುವುದೂ ಅಲ್ಲಿಂದಲೇ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಅಧ್ಯಾಪಕರ ಸಮ್ಮುಖದಲ್ಲಿ, ಕಿಟಕಿಗಳನ್ನು ತೆರೆದು, ಉರಿಯ ಸುಳಿವೂ ಇಲ್ಲದಂತೆ ನೋಡಿಕೊಂಡು ಇದನ್ನು ಪರೀಕ್ಷಿಸಬಹುದು. 100 ಮಿಲಿಲೀಟರಿನ ಅಳತೆಯ ಗಾಜಿನ ಕೊಳವೆಯಲ್ಲಿ 10 ಮಿಲಿಲೀಟರು ನೀರನ್ನೂ 90 ಮಿಲಿಲೀಟರು ಪೆಟ್ರೋಲನ್ನೂ ಹಾಕಿ, ಬಿರಡೆಯಿಟ್ಟು ಕುಲುಕಿ ನಿಲ್ಲಿಸಬೇಕು. ಪೆಟ್ರೋಲಿನಲ್ಲಿ ಎಥನಾಲಿಲ್ಲದಿದ್ದರೆ ತಳದ ನೀರು 10ರಲ್ಲಿಯೇ ನಿಲ್ಲುತ್ತದೆ. ಶೇಕಡಾ 20 ಇದ್ದರೆ ಕೆಳಗಿನ ಪದರ 28ರ ಸಮೀಪಕ್ಕೆ, ಸ್ವಲ್ಪ ಕಡಮೆಯಾಗಿ, ಏರುತ್ತದೆ. ಏರಿದಷ್ಟೂ ಪೆಟ್ರೋಲನ್ನು ಬಿಟ್ಟು ನೀರಿನ ಕಡೆಗೆ ಬಂದ ಎಥನಾಲು.

ಹಾಗಾದರೆ ಹಳೆಯ ಕಾರು ಮನೆಯಲ್ಲಿಯೇ ಇರಬೇಕೆ? ಬೇಕಾಗಿಲ್ಲ. ಬೆಂಡಿನ ತೇಲನ್ನು ತೆಗೆದು ಹಿತ್ತಾಳೆಯ ಟೊಳ್ಳು ತೇಲನ್ನು ಕೂಡಿಸಬಹುದು. ಹಳೆಯ ರಬ್ಬರು ಕೊಳವೆಗಳ ಬದಲು ಎಥನಾಲನ್ನು ತಾಳುವ ಹೊಸ ರಬ್ಬರನ್ನು ಹಾಕಬಹುದು. ಮೂಲಭಾಗಗಳನ್ನು ಬದಲಿಸಿದರೆ ಕಾರಿನ ಸಾಚಾತನ ಹೋಯಿತೆಂದು ಕೊರಗುವವರಿದ್ದಾರೆ. ಅವರ ಮಾತನ್ನು ನಾನು ಹಗುರಾಗಿ ಎಣಿಸುವುದಿಲ್ಲ. ತೆಗೆದ ತೇಲಿಗೆ ಚೀಟಿ ಕಟ್ಟಿ, ಕಾರಿನ ಜೊತೆಗೇ ಪೆಟ್ಟಿಗೆಯಲ್ಲಿಡುವುದು ನ್ಯಾಯ. ತೆಳುವಾದ ಮಿಶ್ರಣಕ್ಕೆ ಫೋರ್ಡನು ತಿಳಿಯದೆಯೇ ಮದ್ದನ್ನು ಇಟ್ಟುಹೋಗಿದ್ದಾನೆ: ‘ಟಿ’ ಕಾರಿನಲ್ಲಿ ಇಂಧನದ ಸೂಜಿಯನ್ನು ತಿರುಗಿಸುವ ಸರಳು ಡ್ರೈವರನ ಕೈಗೇ ಸಿಗುತ್ತದೆ. ಕಾಲು ಸುತ್ತು ಸಡಿಲಿಸಿ ಎಂಜಿನಿನ ದನಿ ತಿಳಿಯಾಗುವುದನ್ನು ಕೇಳಿದರೆ ಲೆಕ್ಕ ಸರಿಹೋಯಿತು. ಕೇಳುವ ಕಿವಿ ಮಾತ್ರ ಬೇಕು, ಅದಕ್ಕಾಗಿ ಓಡಿಸುತ್ತಲೂ ಇರಬೇಕು.

ಬೀಳಗಿಯನ್ನು ದಾಟಿ ಹಿಂದಿರುಗುವಾಗ ಕೃಷ್ಣೆಯ ಕಡೆಗೆ ಒಂದು ದೃಷ್ಟಿ ಹರಿಸಬೇಕು. ಆಲಮಟ್ಟಿಯ ಅಣೆಕಟ್ಟಿಗೆ ಲಾಲ್ ಬಹಾದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟುದು 1964ರಲ್ಲಿ. ಆ ನೀರು ನಿಂತ ಮೇಲೆ ಬೀಳಗಿ ತಾಲೂಕಿನ ನದೀತೀರದ ಎಷ್ಟೋ ಹಳ್ಳಿಗಳು ಎದ್ದು ಬೇರೆಡೆಗೆ ಹೋಗಬೇಕಾಯಿತು. ಯಾವ ವಸ್ತುಸಂಗ್ರಹಾಲಯವೂ ತುಂಬಿಕೊಳ್ಳಲಾರದಷ್ಟು ಚರಿತ್ರೆ ಆ ಹಿನ್ನೀರಿನ ಅಡಿಯಲ್ಲಿದೆ. ಅದಕ್ಕೂ ಮೇಲ್ಗಡೆ, ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ ಇನ್ನೊಂದು ಬಗೆಯ ಕಟ್ಟಡವುಂಟು. ಬೇಸಗೆಯಲ್ಲಿ ಬತ್ತುವ ಕೃಷ್ಣೆಯ ನೀರನ್ನು ಹಿಡಿದಿಡಲು, ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ರೈತರೇ ಹಣ ಕೂಡಿಸಿ, ತಾವೇ ದುಡಿದು 1989ರಲ್ಲಿ ಮುಗಿಸಿದ ಬ್ಯಾರೇಜು ಅದು. ‘ಶ್ರಮಬಿಂದು ಸಾಗರ’ವೆಂಬ ಹೆಸರು ಅದಕ್ಕೆ ಒಪ್ಪುತ್ತದೆ. ವರ್ಷಕ್ಕೆ 600 ಮಿಲಿಮೀಟರು ಮಳೆಯೂ ನೆಚ್ಚಿಗೆಯಿಲ್ಲದ ಸೀಮೆಯಲ್ಲಿ, 1,500 ಮಿಲಿಮೀಟರಿಗೂ ಹೆಚ್ಚು ನೀರನ್ನು ಬೇಡುವ ಕಬ್ಬು ನಿಂತಿರುವುದು ಇಂಥ ನೀರಿನ ಬಲದಿಂದ. ನದಿಯ ನೀರು ಹೊಲಕ್ಕೆ, ಹೊಲದ ಕಬ್ಬು ಬಟ್ಟಿಮನೆಗೆ, ಅಲ್ಲಿಂದ ಪೆಟ್ರೋಲು ಬಂಕಿಗೆ. ನಮ್ಮ ಕಾರು ಮುಧೋಳದಲ್ಲಿ ತುಂಬಿಕೊಂಡ ಪೆಟ್ರೋಲಿನಲ್ಲಿ ಈ ನೆಲದ ಪಾಲೂ ಇರಬಹುದು.

ಸಂಜೆ ಜಮಖಂಡಿಯನ್ನು ಸೇರಿದ ಮೇಲೆ ಒಂದು ಕೆಲಸ ಉಳಿದಿರುತ್ತದೆ. ಮುಂದಿನ ಓಟಕ್ಕೆ ತಿಂಗಳುಗಳು ಕಳೆಯುವುದಾದರೆ ಟ್ಯಾಂಕಿನಲ್ಲಿ ಈ ಪೆಟ್ರೋಲನ್ನು ಬಿಡಬಾರದು. ಎಂಜಿನು ನಡೆಯುತ್ತಿರುವಾಗಲೇ ಸೀಟಿನಡಿಯ ಹಿತ್ತಾಳೆಯ ನಲ್ಲಿಯನ್ನು ಮುಚ್ಚಿ ಕಾಯಬೇಕು. ಒಂದೆರಡು ನಿಮಿಷ ಅದು ಏನೂ ಆಗದವರಂತೆ ಓಡುತ್ತದೆ. ಆಮೇಲೆ ಕಾರ್ಬುರೇಟರಿನ ಪಾತ್ರೆಯ ಕಡೆಯ ಹನಿಗಳೂ ತೀರಿ, ಎರಡು ಸಲ ಕೆಮ್ಮಿ ನಿಲ್ಲುತ್ತದೆ. ಎಂಜಿನು ಪೂರ್ತಿ ತಣಿದ ಮೇಲೆ ಟ್ಯಾಂಕಿನಲ್ಲಿ ಉಳಿದದ್ದನ್ನು ಡಬ್ಬಿಗೆ ಇಳಿಸಿಕೊಂಡು ಯಾರದಾದರೂ ಹೊಸ ಮೋಟಾರುಸೈಕಲ್ಲಿಗೆ ಹಾಕಬಹುದು.